ಹತ್ಯಾರ ನಿಂದು, ಗಾಯಾನೂ ನಿಂದು

ಬರಹ ಸ್ವಲ್ಪ ಉದ್ದ ಐತಿ. ಕಾಂಟ್ರ್ಯಾಕ್ಟ್ ಮೇಲೆ ದುಡಿಯೋ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಮಾತ್ರ ದಯವಿಟ್ಟು ಕೊನೇವರೆಗೂ ಓದಿ.

ನಾನು ಸಂಘಟನೆ ಕೆಲಸ ಮಾಡೋದು ಭಾನುವಾರ. ಉಳಿದ ಆರು ದಿನ ಹರಿಹರ ಕಡೆಯ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಫಿಟ್ಟರ್. ದಾವಣಗೆರೆಯಿಂದ ದಿನಾ ಬೈಕಲ್ಲಿ ಹೋಗಿ ಬರ್ತೀನಿ. ಎಂಟು ವರ್ಷ ಆಯ್ತು, ಕಾರ್ಖಾನೆಯ ಹೆಸರು ನನ್ನ ಅಂಗಿ ಮೇಲೆ ಐತಿ, ಸಂಬಳದ ಚೀಟಿ ಮೇಲೆ ಇಲ್ಲ. ಸಂಬಳ ಕೊಡೋನು ಗುತ್ತಿಗೆದಾರ. ಓವರ್‌ಟೈಮ್ ಸೇರಿ ತಿಂಗಳಿಗೆ 31,000.

ಮನೆ ಸಾಲಕ್ಕೆ ಬ್ಯಾಂಕಿನವರು ಐಟಿ ರಿಟರ್ನ್ ಕೇಳಿದ್ರು. ಹೋದ ವಾರ ಮಂಡಿಪೇಟೆ ಹತ್ತಿರ ಒಬ್ಬ ಅಕೌಂಟೆಂಟ್ ಕಡೆ ಹೋದೆ. ಫಾರ್ಮ್ 16 ಜೊತೆಗೆ ಒಂದು ಪ್ಲಾಸ್ಟಿಕ್ ಕವರ್ ತುಂಬ ಬಿಲ್ಲುಗಳನ್ನೂ ಒಯ್ದಿದ್ದೆ. ಸ್ಪ್ಯಾನರ್ ಸೆಟ್, ಅಲೆನ್ ಕೀ, ಮಲ್ಟಿಮೀಟರ್, ಟಾರ್ಕ್ ವ್ರೆಂಚ್, ಎರಡು ಜೊತೆ ಸೇಫ್ಟಿ ಶೂ. ಒಂದು ವರ್ಷದಲ್ಲಿ ನನ್ನ ಜೇಬಿಂದ ಹೋದದ್ದು 14,600 ರೂಪಾಯಿ. ಯಾರೋ ಹೇಳಿದ್ರು, ಕೆಲಸಕ್ಕೆ ತಗೊಂಡ ಹತ್ಯಾರಕ್ಕೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತೆ ಅಂತ.

ಅವರು ಬಿಲ್ಲು ತಿರುವಿ ಹಾಕಿ ನಕ್ಕರು. ಅದರಲ್ಲಿ ಹಂಗಿಸೋ ಭಾವ ಇರಲಿಲ್ಲ, ಒಳ್ಳೇ ಮನುಷ್ಯ. "ಸಂಬಳದಾರರಿಗೆ ಇದಕ್ಕೆ ಕಾಲಂ ಇಲ್ಲ ಕಣ್ರೀ" ಅಂದ್ರು. ಸಂಬಳದಲ್ಲಿ ಕಳೆಯೋಕೆ ಹೊಸ ಪದ್ಧತಿಯಲ್ಲಿ ಇರೋದು ಮುಖ್ಯವಾಗಿ ಒಂದೇ, 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್. ಅದಕ್ಕೆ ಬಿಲ್ಲೂ ಬೇಡ, ಸಾಕ್ಷಿನೂ ಬೇಡ. ನನ್ನ ವರ್ಷದ ಸಂಬಳ 3,72,000. ಅದನ್ನ ಕಳೆದ್ರೆ 2,97,000. 2024-25ರಲ್ಲಿದ್ದ ಮೂರು ಲಕ್ಷದ ಮಿತಿಯ ಒಳಗೆ. ತೆರಿಗೆ ಸೊನ್ನೆ.

"ಸೊನ್ನೆಗಿಂತ ಕಡಿಮೆ ಮಾಡೋಕೆ ನನ್ ಕೈಲಾಗಲ್ಲ. ಇನ್ನೇನು ಬೇಕು ನಿಮಗೆ?" ಅಂದ್ರು.

ಮಾತು ಸರಿನೇ. ಆದ್ರೆ ನನಗೆ ಸಮಾಧಾನ ಆಗಲಿಲ್ಲ. ಅಲ್ಲೇ ಕೂತು ಬಿಲ್ಲಿನಲ್ಲಿ ಜಿಎಸ್‌ಟಿ ಕೂಡಿಸಿದೆ. ಎಲ್ಲಾನೂ ಆಗ ಶೇ. 18ರ ಸಾಮಾನು. 14,600ರಲ್ಲಿ 2,227 ರೂಪಾಯಿ ತೆರಿಗೆ. ವೃತ್ತಿ ತೆರಿಗೆ ಆ ವರ್ಷ ತಿಂಗಳಿಗೆ 200ರಂತೆ 2,400. ಅಂದ್ರೆ 'ತೆರಿಗೆ ಕಟ್ಟದ' ನಾನು, ದುಡಿಯೋ ಹಕ್ಕಿಗೆ, ದುಡಿಯೋ ಹತ್ಯಾರಕ್ಕೆ ಸೇರಿ 4,627 ರೂಪಾಯಿ ಕಟ್ಟಿದ್ದೆ. ಅದೇ ಸ್ಪ್ಯಾನರನ್ನು ಗುತ್ತಿಗೆದಾರ ತನ್ನ ಜಿಎಸ್‌ಟಿ ನಂಬರಿಗೆ ಬಿಲ್ ಹಾಕಿಸಿ ತಗೊಂಡಿದ್ರೆ, ಆ ಶೇ. 18 ಅವನ ಲೆಕ್ಕಕ್ಕೆ ವಾಪಸ್ ಜಮಾ ಆಗೋದು. ಉಳಿದ ದುಡ್ಡು ಅವನ ವ್ಯವಹಾರದ ಖರ್ಚು ಅಂತ ಲಾಭದಲ್ಲಿ ಕಳೆಯೋದು. ನಾನು ತಗೊಂಡ್ರೆ ಎರಡೂ ಇಲ್ಲ. ಹತ್ಯಾರ ಅದೇ, ಕೆಲಸ ಅದೇ, ಕೈ ಮಾತ್ರ ಬೇರೆ.

ಒಂದು ಕಾಲಕ್ಕೆ ಕಾಲಂ ಇತ್ತು. 1961ರ ಆದಾಯ ತೆರಿಗೆ ಕಾಯ್ದೆಯ 16ನೇ ಸೆಕ್ಷನ್‌ನಲ್ಲಿ, ಕೆಲಸದ ಷರತ್ತಿನ ಪ್ರಕಾರ ನೌಕರ ತನ್ನ ಸಂಬಳದಿಂದಲೇ ಖರ್ಚು ಮಾಡಬೇಕಾಗಿ ಬಂದ್ರೆ, ಆ ಖರ್ಚು ಪೂರ್ತಿಯಾಗಿ ಕೆಲಸಕ್ಕೇ ಆಗಿದ್ರೆ, ಅದನ್ನ ಕಳೆಯೋಕೆ ಅವಕಾಶ ಇತ್ತು. ಪುಸ್ತಕದ ಖರ್ಚಿಗೂ ಇತ್ತು. 1974ರ ಹಣಕಾಸು ಕಾಯ್ದೆ ಇವನ್ನ ತೆಗೆದು ಎಲ್ಲರಿಗೂ ಒಂದೇ ಅಳತೆಯ ಸ್ಟ್ಯಾಂಡರ್ಡ್ ಡಿಡಕ್ಷನ್ ತಂತು. ನಡುವೆ 2005ರ ಬಜೆಟ್ ಅದನ್ನೂ ತೆಗೀತು, 2018ರಲ್ಲಿ 40,000 ಅಂತ ವಾಪಸ್ ಬಂತು. ಬಿಲ್ಲು ಕೂಡಿಡೋ ತಾಪತ್ರಯ ಇಲ್ಲ, ಅದು ಒಳ್ಳೇದೇ. ಆದ್ರೆ ಹತ್ಯಾರ ತಾನೇ ತಗೊಳ್ಳೋ ಫಿಟ್ಟರ್‌ಗೂ 75,000, ಲ್ಯಾಪ್‌ಟಾಪ್ ಆಫೀಸಿನವರೇ ಕೊಡೋ ಮ್ಯಾನೇಜರ್‌ಗೂ 75,000. ಆ ಲ್ಯಾಪ್‌ಟಾಪನ್ನು ಅವರು ಮನೇಲಿ ಬಳಸಿದ್ರೂ ಅದನ್ನ ಸೌಲಭ್ಯ ಅಂತ ತೆರಿಗೆಗೆ ಹಿಡಿಯಲ್ಲ, ನಿಯಮದಲ್ಲೇ ಬಿಟ್ಟಿದಾರೆ. ಹಳೇ ಪದ್ಧತಿಯಲ್ಲಿ ವಿನಾಯಿತಿ ಇರೋ ಭತ್ಯೆಗಳ ಪಟ್ಟಿ ನೋಡಿ. ಪ್ರಯಾಣಕ್ಕೆ, ಸಂಶೋಧನೆಗೆ, ಸಮವಸ್ತ್ರಕ್ಕೆ, ಸಾಹೇಬರು ಇಟ್ಕೊಳ್ಳೋ ಸಹಾಯಕನಿಗೂ ಐತಿ. ಹತ್ಯಾರದ ಹೆಸರೇ ಇಲ್ಲ. ಪಟ್ಟಿ ಬರೆದವರ ಕೈಗೆ ಗ್ರೀಸ್ ಹತ್ತಿರಲಿಲ್ಲ ಅಂತ ಕಾಣುತ್ತೆ.

ಇಷ್ಟಕ್ಕೇ ಆಗಿದ್ರೆ ನಾನು ಈ ಪೋಸ್ಟ್ ಬರೀತಿರಲಿಲ್ಲ. ಅಸಲಿ ಮಾತು ಮುಂದೆ ಐತಿ.

ಎರಡು ತಿಂಗಳ ಹಿಂದೆ ಗುತ್ತಿಗೆದಾರನ ಸೂಪರ್‌ವೈಸರ್ ನಮ್ಮ ಹನ್ನೊಂದು ಜನರನ್ನ ಕರೆದು ಒಂದೊಂದು ಕಾಗದ ಕೊಟ್ಟಿದ್ದ. "ಸಂಬಳ ಅಂತ ಬೇಡ, ಜಾಬ್ ವರ್ಕ್ ಅಂತ ಮಾಡ್ಕೊಳ್ಳೋಣ. ತಿಂಗಳಿಗೆ 1,500 ಜಾಸ್ತಿ. ಶೇ. 1 ಟಿಡಿಎಸ್ ಹಿಡೀತೀವಿ, ರಿಟರ್ನ್ ಹಾಕಿದ್ರೆ ವಾಪಸ್ ಬರುತ್ತೆ. ಟೂಲ್ಸ್ ಹೆಂಗೂ ನಿಂದೇ ಅಲ್ವೇನಪ್ಪ? ನೀನೇ ಒಬ್ಬ ಕಾಂಟ್ರ್ಯಾಕ್ಟರ್ ಇದ್ದಂಗೆ."

ಆ ಕಾಗದಾನೂ ಅಕೌಂಟೆಂಟ್‌ಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ರು. "ಇದಕ್ಕೆ ಸೈನ್ ಹಾಕಿದ್ರೆ ನಿಮ್ಮ ಬಿಲ್ಲಿಗೆ ಕಾಲಂ ಸಿಗುತ್ತೆ. ಶೂ ಖರ್ಚು, ಪೆಟ್ರೋಲ್ ಖರ್ಚು ತೋರಿಸಬಹುದು. ಬಾಳಿಕೆ ಬರೋ ಹತ್ಯಾರಕ್ಕೆ ವರ್ಷಕ್ಕೆ ಶೇ. 15 ಸವಕಳಿ ಹಾಕಬಹುದು. ಆದ್ರೆ ಈ ಕಾಗದದ ಪ್ರಕಾರ ನೀವು ನೌಕರ ಅಲ್ಲ" ಅಂದ್ರು.

ಒಂದು ಹಾಳೆ ತಗೊಂಡು ಇಬ್ಬರೂ ಲೆಕ್ಕ ಹಾಕಿದ್ವಿ. ಪಿಎಫ್‌ಗೆ ಮಾಲೀಕನ ಪಾಲು, 15,000ದ ಮೇಲೆ ಶೇ. 12, ತಿಂಗಳಿಗೆ 1,800. ನನ್ನ ಬೇಸಿಕ್, ಡಿಎ ಸೇರಿ 18,200. ಗ್ರ್ಯಾಚುಯಿಟಿ ವರ್ಷಕ್ಕೆ ಹದಿನೈದು ದಿನದ್ದು, 26ರಿಂದ ಭಾಗಿಸಿದ್ರೆ 10,500, ಅಂದ್ರೆ ತಿಂಗಳಿಗೆ 875. ಎರಡೂ ಸೇರಿ 2,675 ಹೋಗುತ್ತೆ, 1,500 ಬರುತ್ತೆ. ಈಗಾಗಲೇ ಎಂಟು ವರ್ಷಕ್ಕೆ ಕೂಡಿರೋ 84,000 ಗ್ರ್ಯಾಚುಯಿಟಿಗೂ ನಾಳೆ ಜಗಳ ಆಡಬೇಕು. ಕೈಗೆ ಏಟು ಬಿದ್ರೆ ಪರಿಹಾರದ ಕಾನೂನು ಕೇಳೋ ಮೊದಲ ಪ್ರಶ್ನೆನೇ 'ನೀನು ಯಾರ ನೌಕರ?' ಅಂತ.

ಆಗ ನನಗೆ ಅಜ್ಜ ನೆನಪಾದ.

ನಮ್ಮ ಅಜ್ಜ ಊರ ಗೌಡರ ಮನೆಗಳಿಗೆ ಕಪಿಲೆ ಬಾವಿಯ ತೊಗಲಿನ ಚೀಲ ಹೊಲೀತಿದ್ದ, ಮಿಣಿ ಮಾಡ್ತಿದ್ದ, ಚಪ್ಪಲಿ ಮಾಡ್ತಿದ್ದ. ಉಳಿ, ರಂಪಿಗೆ ಅವನದೇ. ಮಸೆಯೋ ಕಲ್ಲೂ ಅವನದೇ. ಕೂಲಿ ಅಂತ ಇಲ್ಲ, ಸುಗ್ಗಿಯಲ್ಲಿ ಕಣದ ಮೂಲೆಗೆ ನಿಂತರೆ ಆಯ ಅಂತ ಒಂದಿಷ್ಟು ಕಾಳು. ಒಮ್ಮೆ ರಂಪಿಗೆ ಜಾರಿ ಎಡಗೈ ಹೆಬ್ಬೆರಳ ನರ ಹೋಯ್ತು. ಗೌಡರು ಅಂದಿದ್ದು ಇಷ್ಟೇ ಅಂತೆ: "ಹತ್ಯಾರ ನಿಂದು, ಗಾಯಾನೂ ನಿಂದು." ಆ ವರ್ಷ ಚೀಲ ಹೊಲಿಯಲಿಲ್ಲ ಅಂತ ಆಯಾನೂ ಇಲ್ಲ. ಅಪ್ಪ ಈ ಮಾತನ್ನ ಹೇಳುವಾಗ ಪ್ರತಿಸಲ ತನ್ನ ಹೆಬ್ಬೆರಳು ಮುಟ್ಟಿ ನೋಡ್ಕೊಳ್ಳೋನು.

ಬಾಬಾಸಾಹೇಬರು 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಹಾರ್ ವತನಿನ ವಿರುದ್ಧ ಮಸೂದೆ ತಂದಿದ್ದು ಇಂಥದ್ದಕ್ಕೇ. ದುಡಿಮೆಗೆ ಹೊತ್ತು ಗೊತ್ತಿಲ್ಲ, ಸಂಬಳ ಹೆಸರಿಗಷ್ಟೇ, ಆದ್ರೆ ಚಾಕರಿ ಮಾತ್ರ ತಲೆತಲಾಂತರ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿ ಆದದ್ದು 1963ರಲ್ಲಿ. ನಮ್ಮೋರು ಹಳ್ಳಿ ಬಿಟ್ಟು ದಾವಣಗೆರೆಯ ಹತ್ತಿ ಮಿಲ್ಲು, ಹರಿಹರದ ಕಾರ್ಖಾನೆಗಳ ಗೇಟಿಗೆ ಬಂದು ನಿಂತದ್ದು ಬರೀ ದುಡ್ಡಿಗಲ್ಲ. ನಮ್ಮ ದೊಡ್ಡಪ್ಪ ಮಿಲ್ಲಿನಲ್ಲಿ ಪರ್ಮನೆಂಟ್ ಇದ್ದ. ಟೂಲ್ ರೂಮಿಗೆ ಹೋಗಿ ಹಿತ್ತಾಳೆ ಬಿಲ್ಲೆ ಕೊಟ್ರೆ ಹತ್ಯಾರ ಕೊಡೋರು, ಸಂಜೆ ವಾಪಸ್ ಕೊಟ್ರೆ ಬಿಲ್ಲೆ ಕೊಡೋರು. ಆ ಬಿಲ್ಲೆ ಮೇಲೆ ಜಾತಿ ಇರಲಿಲ್ಲ, ನಂಬರ್ ಇತ್ತು. ದೊಡ್ಡಪ್ಪ ಆ ನಂಬರನ್ನ ಸಾಯೋವರೆಗೂ ಹೇಳೋನು.

ಈಗ ಅದೇ ಗೇಟಿನೊಳಗೆ ನಮ್ಮನ್ನ ಮತ್ತೆ ಕಣದ ಮೂಲೆಗೆ ನಿಲ್ಲಿಸ್ತಿದಾರೆ. 'ಟೂಲ್ಸ್ ನಿಂದೇ ಅಲ್ವೇನಪ್ಪ' ಅನ್ನೋದು ಸಲೀಸಾಗಿ ಬಂದ ಮಾತಲ್ಲ. ಯಾರು ನೌಕರ ಅಂತ ನ್ಯಾಯಾಲಯ ತೀರ್ಮಾನಿಸುವಾಗ ಹತ್ಯಾರ ಯಾರದು ಅಂತಾನೂ ನೋಡುತ್ತೆ. 1973ರಲ್ಲಿ ಸುಪ್ರೀಂ ಕೋರ್ಟು ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ, ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯೋ ದರ್ಜಿಗಳೂ ನೌಕರರೇ ಅಂತು. ಹೊಲಿಗೆ ಯಂತ್ರ ಅಂಗಡಿಯದು ಅನ್ನೋದು ಅಲ್ಲಿ ಒಂದು ಸಾಕ್ಷಿ ಆಯ್ತು. ಹಂಗಂತ ಹತ್ಯಾರ ನಮ್ಮದಾದ ಮಾತ್ರಕ್ಕೆ ನಾವು ಸೋತೆವು ಅಂತಲ್ಲ, ಕೆಲಸ ಯಾರ ಹತೋಟಿಯಲ್ಲಿ ನಡೆಯುತ್ತೆ ಅನ್ನೋದನ್ನೂ ನೋಡ್ತಾರೆ. ಆದ್ರೆ ಒಂದೊಂದು ಸ್ಪ್ಯಾನರ್ ನಾವೇ ತಗೊಂಡಾಗಲೂ ಆ ಸಾಕ್ಷಿ ಒಂಚೂರು ಅವರ ಕಡೆ ವಾಲುತ್ತೆ.

ನನ್ನ ಜೊತೆ ಒಬ್ಬ ಹೆಲ್ಪರ್ ಹುಡುಗ ಇದಾನೆ. ಸಂಬಳ 16,500. ಏಪ್ರಿಲ್‌ನಲ್ಲಿ ಶೂ ದುಡ್ಡು ಅಂತ 900 ಹಿಡಿದಿದ್ರು. "ಇರ್ಲಿ ಬಿಡಣ್ಣ, ಕೆಲಸ ಇದ್ರೆ ಸಾಕು" ಅಂದಿದ್ದ. 1936ರ ವೇತನ ಪಾವತಿ ಕಾಯ್ದೆಯ 7ನೇ ಸೆಕ್ಷನ್, ಸಂಬಳದಲ್ಲಿ ಏನೇನು ಹಿಡಿಯಬಹುದು ಅಂತ ಪಟ್ಟಿ ಕೊಟ್ಟು, 'ಸೇವೆ' ಅನ್ನೋ ಮಾತಿನಲ್ಲಿ ಕೆಲಸಕ್ಕೆ ಬೇಕಾದ ಹತ್ಯಾರ, ಕಚ್ಚಾ ಸಾಮಾನು ಸೇರಲ್ಲ ಅಂತ ಬಿಡಿಸಿ ಹೇಳ್ತಿತ್ತು. ಬ್ರಿಟಿಷರ ಕಾಲದಲ್ಲೇ ಬರೆದದ್ದು. ಆ ಸಾಲನ್ನ ಎತ್ತಿ ಬರೆದು ಹುಡುಗನ ಹೆಸರಲ್ಲಿ ಗುತ್ತಿಗೆದಾರನಿಗೆ ಅರ್ಜಿ ಕೊಟ್ವಿ, ಪ್ರತಿ ಕಾರ್ಮಿಕ ಇಲಾಖೆಗೆ ಅಂತ ಕೆಳಗೆ ಹಾಕಿದ್ವಿ. ಮುಂದಿನ ಸಂಬಳದಲ್ಲಿ 900 ವಾಪಸ್ ಬಂತು. ಯಾರೂ ಏನೂ ಮಾತಾಡಲಿಲ್ಲ.

ಜಾಬ್ ವರ್ಕ್ ಕಾಗದಕ್ಕೆ ನಾನು ಸೈನ್ ಹಾಕಿಲ್ಲ. ಹನ್ನೊಂದರಲ್ಲಿ ಐದು ಜನ ಹಾಕಿದಾರೆ. ಅವರನ್ನ ಬೈಯೋಕೆ ನನಗೆ ಬಾಯಿ ಬರಲ್ಲ. ಒಬ್ಬನ ಮಗಳ ಕಾಲೇಜ್ ಫೀ ಇತ್ತು, ತಿಂಗಳಿಗೆ 1,500 ಅವನಿಗೆ ದೊಡ್ಡದು. ನಾಳೆ ನನಗೆ ಗೇಟ್ ಬಂದ್ ಆಗಬಹುದು, ಅದೂ ಗೊತ್ತು. ಮನೆ ಸಾಲದ ಅರ್ಜಿ ಇನ್ನೂ ಬ್ಯಾಂಕಿನಲ್ಲೇ ಐತಿ.

ಹೋಗಲಿ, ನಿಮಗೆ ಹೇಳಬೇಕಾದ್ದು ಇಷ್ಟು. ಒಂದು, ಹತ್ಯಾರ ತಗೊಂಡ್ರೆ ಬಿಲ್ಲು ಗುತ್ತಿಗೆದಾರನ ಹೆಸರಿಗೆ, ಅವನ ಜಿಎಸ್‌ಟಿ ನಂಬರಿಗೆ ಹಾಕಿಸಿ, ದುಡ್ಡು ವಾಪಸ್ ಕೇಳಿ. ಇದರಿಂದ ಅವನಿಗೂ ನಷ್ಟ ಕಡಿಮೆ, ಹತ್ಯಾರ ಅವನದು ಅನ್ನೋ ಸಾಕ್ಷಿ ನಿಮಗೆ. ಎರಡು, ಕೊಡಲ್ಲ ಅಂದ್ರೆ ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿ ಮನೇಲಿ ಇಡಿ. ಮೂರು, ಸಂಬಳದ ಚೀಟಿ, ಪಿಎಫ್ ನಂಬರ್, ಗೇಟ್ ಪಾಸ್ ಫೋಟೋ ಹೊಡೆದು ಇಟ್ಕೊಳ್ಳಿ. ನಾಲ್ಕು, 'ಜಾಬ್ ವರ್ಕ್', 'ಕನ್ಸಲ್ಟೆಂಟ್' ಅಂತ ಕಾಗದ ಬಂದ್ರೆ ಅಲ್ಲೇ ಸೈನ್ ಹಾಕಬೇಡಿ. ಮನೆಗೆ ಒಯ್ದು ನಾಲ್ಕು ಜನರಿಗೆ ತೋರಿಸಿ.

ಬರೋ ಭಾನುವಾರ ಹರಿಹರ ಹೊರವಲಯದ ಮೈತ್ರಿವನಕ್ಕೆ, ಪ್ರೊ. ಬಿ. ಕೃಷ್ಣಪ್ಪನವರ ಸಮಾಧಿ ಹತ್ತಿರ ನಾವು ಕೆಲವರು ಸೇರ್ತಿದೀವಿ. ಹರಿಹರದಲ್ಲೇ ಹುಟ್ಟಿ ಇಡೀ ರಾಜ್ಯದ ನಮ್ಮೋರಿಗೆ ಅರ್ಜಿ ಬರೆಯೋದು, ಪ್ರಶ್ನೆ ಕೇಳೋದು ಕಲಿಸಿದ ಮೇಷ್ಟ್ರು ಅವರು. ಭಾಷಣ ಇಲ್ಲ, ಹಾರ ಇಲ್ಲ. ನಿಮ್ಮ ನಿಮ್ಮ ಕಾಗದ ತನ್ನಿ, ಕೂತು ಓದೋಣ. ಸೈನ್ ಹಾಕಿದ ಆ ಐದೂ ಜನರನ್ನ ಕರೆದೀನಿ. ಇಬ್ಬರು ಬರ್ತೀನಿ ಅಂದಿದಾರೆ.

ಆಯುಧ ಪೂಜೆ ದಿನ ಕಾರ್ಖಾನೆಯಲ್ಲಿ ಮಷೀನಿಗೆ ಹೂವಿನ ಹಾರ ಹಾಕ್ತಾರೆ, ಕುಂಬಳಕಾಯಿ ಒಡೀತಾರೆ, ನಮಗೆ ಮಂಡಕ್ಕಿ, ಸಿಹಿ ಹಂಚ್ತಾರೆ. ಈ ಸಲ ಯಾರಾದ್ರೂ ನನ್ನ ಟೂಲ್ ಬ್ಯಾಗಿಗೂ ಕುಂಕುಮ ಹಚ್ಚೋಕೆ ಬಂದ್ರೆ ಹೇಳ್ತೀನಿ: ಕುಂಕುಮ ಬೇಡ ಸ್ವಾಮಿ, ಬಿಲ್ಲು ಪಾಸ್ ಮಾಡಿ.

ಜೈ ಭೀಮ್.