ಬಣ್ಣವೂ ಜಾತಿಯೂ ಒಂದೇ ಏನು?



ಇಸಬೆಲ್ ವಿಲ್ಕರ್ಸನ್ ಅವರ 'ಕಾಸ್ಟ್' ಪುಸ್ತಕವನ್ನು ನಮ್ಮ ಬಳಗದ ಹಲವರು ಓದಿ ಮೆಚ್ಚಿಕೊಂಡಿದ್ದಾರೆ. 2020ರಲ್ಲಿ ಹೊರಬಂದು ಬಹಳ ಹೆಸರು ಮಾಡಿದ ಪುಸ್ತಕ. ಅಮೆರಿಕದ ಕಪ್ಪು ಜನರ ಪಾಡು, ಹಿಟ್ಲರನ ಜರ್ಮನಿಯಲ್ಲಿ ಯಹೂದಿಗಳ ಪಾಡು, ನಮ್ಮ ದೇಶದ ದಲಿತರ ಪಾಡು, ಈ ಮೂರರ ಬುಡದಲ್ಲೂ ಇರುವುದು ಜಾತಿಯೇ. ಅಮೆರಿಕದಲ್ಲಿ ಮೈಬಣ್ಣ ಅದರ ಹೊರಗುರುತು ಅಷ್ಟೇ ಎಂಬುದು ಲೇಖಕಿಯ ವಾದ. ನಾವಿಬ್ಬರೂ ಸರದಿಯಂತೆ ಓದಿದೆವು. ಅಮೆರಿಕದ ಅಧ್ಯಾಯಗಳು ನಿದ್ದೆ ಕೆಡಿಸಿದವು. ವಾದ ಮಾತ್ರ ಒಪ್ಪಿಗೆಯಾಗಲಿಲ್ಲ.

ಐರ್ಲೆಂಡಿನಲ್ಲಿ ಕೂತು ನೋಡಿದರೆ ಇವೆರಡೂ ಬೇರೆ ಬೇರೆ. 2025ರ ಜುಲೈ 19ರಂದು ಡಬ್ಲಿನ್ನಿನ ಟಾಲಾದಲ್ಲಿ ನಮ್ಮ ದೇಶದವರೊಬ್ಬರನ್ನು ರಕ್ತ ಬರುವಂತೆ ಹೊಡೆದವರು ಅವರ ಜಾತಿ ಕೇಳಲಿಲ್ಲ. ಆಗಸ್ಟ್ 1ರಂದು ನಮ್ಮ ರಾಯಭಾರ ಕಚೇರಿ ಎಚ್ಚರಿಕೆಯಿಂದಿರಿ ಎಂದು ಸೂಚನೆ ಹೊರಡಿಸಿತು. ಆ ತಿಂಗಳ ಇಂಡಿಯಾ ಡೇ ಮುಂದಕ್ಕೆ ಹೋಯಿತು. ಕತ್ತಲಾದ ಮೇಲೆ ಲುವಾಸ್ ಹತ್ತಲು ಹಿಂಜರಿದಾಗ ನಮ್ಮಲ್ಲಿ ಲಿಂಗಾಯತರು, ಒಕ್ಕಲಿಗರು, ಬ್ರಾಹ್ಮಣರು, ದಲಿತರು ಎಂಬ ಭೇದವಿರಲಿಲ್ಲ. ಕಣ್ಣಿಗೆ ಬಿದ್ದರೆ ಸಾಕಿತ್ತು.

ಜಾತಿ ಹಾಗೆ ಕಣ್ಣಿಗೆ ಬೀಳುವುದಿಲ್ಲ, ಕೇಳಿ ತಿಳಿಯಬೇಕು. "ನಿಮ್ಮದು ಯಾವೂರು? ಮನೆದೇವರು ಯಾವುದು? ನಾನ್‌ವೆಜ್ ತಿಂತೀರಾ?" ಮೂರು ಪ್ರಶ್ನೆಗೆ ಕೆಲಸ ಮುಗಿಯಿತು! ಯುಗಾದಿ ಊಟದ ಸಾಲಿನಲ್ಲಿ, ಒಬ್ಬಟ್ಟಿಗೆ ತುಪ್ಪ ಬಡಿಸುವ ಹೊತ್ತಿನಲ್ಲೇ ಈ ಪ್ರಶ್ನೆಗಳು ಎಷ್ಟು ಸಲ ನಮ್ಮ ಕಿವಿಗೆ ಬಿದ್ದಿವೆಯೋ. ಜಾತಿಯ ಬೀಗ ಇರುವುದು ಮದುವೆಯಲ್ಲಿ ಎಂದು ಅಂಬೇಡ್ಕರರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ತೋರಿಸಿಕೊಟ್ಟಿದ್ದರು. ಇಲ್ಲೇ ಹುಟ್ಟಿ ಐರಿಷ್ ಪಾಸ್‌ಪೋರ್ಟ್ ಹಿಡಿದ ಮಗಳ ಜಾತಕದ ಜೊತೆ ಒಳಪಂಗಡವನ್ನೂ ಬರೆದು ಬೆಂಗಳೂರಿಗೆ ಕಳಿಸುವಾಗ ಯಾವ ಬಿಳಿಯರೂ ನಮ್ಮ ಕೈ ಹಿಡಿದು ಬರೆಸುವುದಿಲ್ಲ.

ಹಾಗಾದರೆ ಬಿಳಿಯರಲ್ಲಿ ಇಂಥದ್ದು ಇಲ್ಲವೇ? ಇದೆ. ಐರಿಷ್ ಟ್ರಾವೆಲರ್ ಸಮುದಾಯವನ್ನು ನೋಡಿ. 2022ರ ಜನಗಣತಿಯ ಪ್ರಕಾರ 32,949 ಜನ. ಮೈಬಣ್ಣ ನೆರೆಯವರದೇ, ಚರ್ಚೂ ಅದೇ. ಆದರೆ ಮನೆತನದ ಹೆಸರು, ಮಾತಿನ ಧಾಟಿ ತಿಳಿದೊಡನೆ ಪಬ್ಬಿನಲ್ಲಿ ಜಾಗವಿಲ್ಲ, ಬಾಡಿಗೆಗೆ ಮನೆಯಿಲ್ಲ. ಅವರನ್ನು ಪ್ರತ್ಯೇಕ ಜನಾಂಗವೆಂದು ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ಮನ್ನಿಸಿದ್ದು 2017ರ ಮಾರ್ಚ್ 1ರಂದು. ಇದು ಲೇಖಕಿಯ ಪರವಾದ ಸಾಕ್ಷಿಯಲ್ಲವೇ ಎಂದು ನಮ್ಮ ಮನೆಯಲ್ಲೇ ಅರ್ಧ ರಾತ್ರಿ ವಾದ ನಡೆಯಿತು. ಕೊನೆಗೆ ಕಂಡದ್ದು ಇಷ್ಟು: ಬಣ್ಣದ ಹಂಗಿಲ್ಲದೆಯೂ ಮನುಷ್ಯನನ್ನು ದೂರವಿಡಬಹುದು. ಅಂದ ಮೇಲೆ ಬಣ್ಣಕ್ಕೆ ಕೊಡುವ ಮದ್ದು ಇದಕ್ಕೆ ನಾಟುವುದಿಲ್ಲ. ಇಲ್ಲಿನ ಸಮಾನತೆಯ ಕಾನೂನು ತಾರತಮ್ಯದ ಒಂಬತ್ತು ಕಾರಣಗಳನ್ನು ಹೆಸರಿಸುತ್ತದೆ. ಅದರಲ್ಲಿ 'ರೇಸ್' ಒಂದು, ಟ್ರಾವೆಲರ್ ಎಂಬುದು ಇನ್ನೊಂದು.

ಎರಡನ್ನೂ ಒಂದೇ ಎಂದುಬಿಟ್ಟರೆ ನಮ್ಮಂಥವರಿಗೆ ಬಹಳ ಅನುಕೂಲ. ನಮ್ಮ ತಕರಾರು ಇರುವುದೇ ಅಲ್ಲಿ. ಬಸ್ಸಿನಲ್ಲಿ ಬೈಸಿಕೊಂಡವರು ನಾವು, ಆದ್ದರಿಂದ ನೊಂದವರ ಸಾಲಿನಲ್ಲಿ ನಮ್ಮದೂ ಒಂದು ಕುರ್ಚಿ. ಇನ್ನು ನಮ್ಮ ಜಾತಿಯ ಮಾತೇಕೆ? ಲೇಖಕಿಯ ಉದ್ದೇಶ ಖಂಡಿತ ಇದಲ್ಲ. ಆದರೆ ಪುಸ್ತಕ ಓದಿದ ಮೇಲೆ ನಮ್ಮವರ ಹರಟೆ ತಿರುಗುತ್ತಿರುವುದು ಈ ಕಡೆಗೇ.

ಡಬ್ಲಿನ್ನಿನಲ್ಲಿ ತಲೆಯ ಮೇಲೊಂದು ಸೂರು ಸಿಗುವುದು ಎಷ್ಟು ಕಷ್ಟವೆಂದು ಎಲ್ಲರಿಗೂ ಗೊತ್ತು. "ರೂಮು ಖಾಲಿ ಇದೆ, ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಒಕ್ಕಣೆ ನಮ್ಮವರದೇ. ಸಸ್ಯಾಹಾರಿಗಳೇ ಆದರೂ ಮನೆದೇವರನ್ನು ಕೇಳಿದ ಮೇಲೆ ರೂಮು ಸಿಗದೆ ಹೋದ ಹುಡುಗ ದೂರು ಕೊಡಲು ಹೊರಟರೆ, ಆ ಒಂಬತ್ತರಲ್ಲಿ ಜಾತಿ ಎಂಬ ಹೆಸರಿಲ್ಲ.