ಅಮ್ಮನ ಜೊತೆ ಕೊಚ್ಚಿಗೆ ಹೋಗಿದ್ದೆ

ನಿಜ ಹೇಳ್ಬೇಕಂದ್ರೆ, ಅಮ್ಮನನ್ನು ಕೊಚ್ಚಿಗೆ ಕರೆದುಕೊಂಡು ಹೋಗಿದ್ದರಲ್ಲಿ ನನ್ನದೊಂದು ಸ್ವಾರ್ಥ ಇತ್ತು.

ಅಪ್ಪ ತೀರಿಕೊಂಡು ಎರಡು ವರ್ಷ ಆಗಿತ್ತು. ಪುತ್ತೂರಿನ ಹತ್ತಿರದ ಮನೆ, ಅಡಿಕೆ ತೋಟ ನೋಡಿಕೊಂಡು ಅಮ್ಮ ಒಬ್ಬಳೇ ಇದ್ದಳು. ನಾನು ಬೆಂಗಳೂರಲ್ಲಿ, ಅಣ್ಣ ಪುಣೆಯಲ್ಲಿ. ಮನೆಯನ್ನು ಹೋಮ್‌ಸ್ಟೇ ಮಾಡುವವರಿಗೆ ಲೀಸ್‌ಗೆ ಕೊಟ್ಟು ಅಮ್ಮನನ್ನು ಬೆಂಗಳೂರಿಗೆ ಕರೆತರುವುದು ಅಂತ ನಾವಿಬ್ಬರೂ ವಾಟ್ಸಾಪ್‌ನಲ್ಲೇ ತೀರ್ಮಾನ ಮಾಡಿ ಆಗಿತ್ತು. ಅದನ್ನು ಅಮ್ಮನಿಗೆ ಹೇಳುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಆ ಮನೆಯ ಜಗಲಿಯಲ್ಲೇ ಕೂತು ಹೇಳಲು ಧೈರ್ಯ ಸಾಲಲಿಲ್ಲ. "ಎಲ್ಲಾದ್ರೂ ಸಮುದ್ರದ ಕಡೆ ಹೋಗಿ ಬರೋಣ್ವಾ, ಕೊಚ್ಚಿಗೆ?" ಅಂದೆ.

"ಸಮುದ್ರ ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ? ಪಣಂಬೂರು ಉಂಟಲ್ಲ" ಅಂದಳು. ಆದರೂ ಹೊರಟಳು.

ಮಂಗಳೂರಿನಿಂದ ಬೆಳಗಿನ ರೈಲು ಹತ್ತಿ ಮಧ್ಯಾಹ್ನ ಎರ್ನಾಕುಲಂ ತಲುಪಿದೆವು. ಅಲ್ಲಿಂದ ಫೋರ್ಟ್ ಕೊಚ್ಚಿಗೆ ನೀವು ಕ್ಯಾಬ್ ಬುಕ್ ಮಾಡಬೇಡಿ, ನೀರಿನ ಮೇಲೆಯೇ ಹೋಗಿ. 2023ರಲ್ಲಿ ಶುರುವಾದ ವಾಟರ್ ಮೆಟ್ರೋ ಇದೆ, ಬ್ಯಾಟರಿಯಲ್ಲಿ ಓಡುವ ಎಸಿ ದೋಣಿ. ನಾವು ಹತ್ತಿದ್ದು ಸರ್ಕಾರಿ ಹಳೇ ಬೋಟು. ಆಫೀಸು ಬಿಟ್ಟು ಮನೆಗೆ ಹೋಗುವವರು, ಕಾಲೇಜು ಮಕ್ಕಳು, ಮೀನಿನ ಚೀಲ ಹಿಡಿದ ಹೆಂಗಸರು. ಟೂರಿಸ್ಟ್ ಅಂತ ಇದ್ದದ್ದು ನಾವಿಬ್ಬರೇ ಇರಬೇಕು.

ದಡದಲ್ಲಿ ಮೊದಲು ಕಾಣುವುದು ಆ ಪ್ರಸಿದ್ಧ ಚೀನಾ ಬಲೆಗಳು. ಅಲ್ಲಿನವರು ಚೀನವಲ ಅಂತಾರೆ. ನಾನು ಫೋನ್ ತೆಗೆದು ರೀಲ್ಸ್‌ಗೆ ಆ್ಯಂಗಲ್ ಹುಡುಕುತ್ತಿದ್ದರೆ, ಅಮ್ಮ ಬಲೆಯ ಹಿಂಭಾಗಕ್ಕೆ ಹೋಗಿ ನಿಂತಿದ್ದಳು. ಅಲ್ಲಿ ಹಗ್ಗಕ್ಕೆ ದೊಡ್ಡ ದೊಡ್ಡ ಕಲ್ಲು ಕಟ್ಟಿ ಇಳಿಬಿಟ್ಟಿರುತ್ತಾರೆ. ನಾಲ್ಕೈದು ಜನ ಸೇರಿ ಹಗ್ಗ ಎಳೆದರೆ ಕಲ್ಲಿನ ಭಾರಕ್ಕೆ ಅಷ್ಟು ದೊಡ್ಡ ಬಲೆ ನೀರಿನಿಂದ ಮೇಲೆ ಬರುತ್ತದೆ.

"ಇದು ನಮ್ಮ ಏತ ಅಲ್ವಾ? ನಿನ್ನ ಅಜ್ಜ ತೋಟಕ್ಕೆ ನೀರು ಎತ್ತಿದ್ದು ಹೀಗೆಯೇ" ಅಂದಳು. ನಾನು ಏತ ನೋಡಿಯೇ ಇಲ್ಲ. ಆ ದಿನ ರೀಲ್ಸ್ ಆಗಲಿಲ್ಲ. ಏತದ ಕಥೆ ಕೇಳುತ್ತಾ ಕತ್ತಲಾಯಿತು.

ಮರುದಿನ ಬೆಳಿಗ್ಗೆ ಸೇಂಟ್ ಫ್ರಾನ್ಸಿಸ್ ಚರ್ಚ್. 1503ರಲ್ಲಿ ಪೋರ್ಚುಗೀಸರು ಮರದಲ್ಲಿ ಕಟ್ಟಿ, ಆಮೇಲೆ ಕಲ್ಲಿನಲ್ಲಿ ಕಟ್ಟಿಸಿದ್ದು. ಒಳಗೆ ಮೇಲಿನಿಂದ ಉದ್ದುದ್ದ ಬಟ್ಟೆಯ ಬೀಸಣಿಗೆಗಳು ತೂಗುತ್ತವೆ. ಒಂದು ಕಾಲದಲ್ಲಿ ಅದರ ಹಗ್ಗವನ್ನು ಹೊರಗೆ ಬಿಸಿಲಲ್ಲಿ ಕೂತ ಆಳುಗಳು ಎಳೆಯುತ್ತಿದ್ದರಂತೆ. "ಗಾಳಿ ಒಳಗಿನವರಿಗೆ, ಬೆವರು ಹೊರಗಿನವರಿಗೆ" ಅಂದಳು ಅಮ್ಮ.

ನೆಲದಲ್ಲಿ ಕಂಬಿ ಹಾಕಿದ ಒಂದು ಸಮಾಧಿ ಇದೆ. ವಾಸ್ಕೋ ಡ ಗಾಮ 1524ರ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್‌ನ ಹಿಂದಿನ ದಿನ ಕೊಚ್ಚಿಯಲ್ಲೇ ತೀರಿಕೊಂಡ. ಅವನನ್ನು ಹೂಳಿದ್ದು ಇಲ್ಲಿ. ಕೆಲವು ವರ್ಷಗಳಾದ ಮೇಲೆ ಅವಶೇಷವನ್ನು ಪೋರ್ಚುಗಲ್‌ಗೆ ಒಯ್ದರು.

"ಹಾಗಾದ್ರೆ ಈಗ ಇದರೊಳಗೆ ಯಾರೂ ಇಲ್ಲ?"

"ಇಲ್ಲಮ್ಮ, ಖಾಲಿ."

"ಮತ್ತೆ ಜನ ಎಂತ ನೋಡ್ತಿದ್ದಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಧ್ಯಾಹ್ನ ಆಟೋ ಹಿಡಿದು ಮಟ್ಟಂಚೇರಿಗೆ ಹೋದೆವು. ಜ್ಯೂ ಟೌನ್ ರಸ್ತೆಗೆ ಕಾಲಿಟ್ಟರೆ ಮೂಗಿಗೆ ಮಸಾಲೆಯ ಘಾಟು. ಒಂದು ಅಂಗಡಿಯಲ್ಲಿ ಅಮ್ಮ ಕಾಳುಮೆಣಸು, ನಮ್ಮ ಕಡೆಯ ಒಳ್ಳೆಮೆಣಸು, ಬಾಯಿಗೆ ಹಾಕಿ ಕಚ್ಚಿದಳು. "ನಮ್ಮ ತೋಟದ್ದು ಇದಕ್ಕಿಂತ ಖಾರ. ಇದಕ್ಕೋಸ್ಕರವಾ ಆ ಗಾಮ ಅಷ್ಟು ದೂರದಿಂದ ಬಂದದ್ದು?" ಅಂಗಡಿಯವರಿಗೆ ಕನ್ನಡ ಅರ್ಥ ಆಗಲಿಲ್ಲ, ಆದರೆ ಅಮ್ಮನ ಮುಖ ನೋಡಿ ನಕ್ಕರು. ಅವರ ಮನೆಮಾತು ಕೊಂಕಣಿ ಅಂತ ಗೊತ್ತಾಗಿದ್ದೇ ತಡ, ಅಮ್ಮ ಪುತ್ತೂರು ಪೇಟೆಯಲ್ಲಿ ಕಲಿತ ಅರೆಬರೆ ಕೊಂಕಣಿಯಲ್ಲಿ ಶುರು ಹಚ್ಚಿದಳು. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದ ಕುಟುಂಬಗಳು ಮಟ್ಟಂಚೇರಿಯಲ್ಲಿ ಇಂದಿಗೂ ಕೊಂಕಣಿ ಮಾತಾಡುತ್ತವೆ. "ಮನೆ ಬಿಟ್ಟು ಬಂದ್ರೂ ಮಾತು ಬಿಡ್ಲಿಲ್ಲ ನೋಡು" ಅಂದಳು. ನಾನು ಮನಸ್ಸಲ್ಲೇ ಖುಷಿಪಟ್ಟೆ. ಮನೆ ಬಿಡುವ ವಿಷಯ ಎತ್ತಲು ಇದಕ್ಕಿಂತ ಒಳ್ಳೆಯ ಪೀಠಿಕೆ ಎಲ್ಲಿ ಸಿಗಬೇಕು?

ಆ ರಸ್ತೆಯ ಕೊನೆಯಲ್ಲಿರುವುದು ಪರದೇಶಿ ಸಿನಗಾಗ್, 1568ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾ ಮಂದಿರ. ಸ್ಪೇನ್ ಕಡೆಯಿಂದ ಓಡಿ ಬಂದವರಿಗೆ ಕೊಚ್ಚಿಯ ರಾಜ ತನ್ನ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟನಂತೆ. ಶನಿವಾರ ಪ್ರವಾಸಿಗರನ್ನು ಬಿಡುವುದಿಲ್ಲ, ಪ್ಲ್ಯಾನ್ ಮಾಡುವಾಗ ನೆನಪಿರಲಿ. ಚಪ್ಪಲಿ ಬಿಟ್ಟು ಒಳಗೆ ಹೋದರೆ ಕಾಲಡಿಯಲ್ಲಿ ಚೀನಾದಿಂದ ತರಿಸಿದ, ಕೈಯಲ್ಲೇ ಚಿತ್ರ ಬರೆದ ನೀಲಿ-ಬಿಳಿ ಹಾಸುಬಿಲ್ಲೆಗಳು, ತಲೆಯ ಮೇಲೆ ಬೆಲ್ಜಿಯಂ ಗಾಜಿನ ತೂಗುದೀಪಗಳು.

"ಪರದೇಶಿ ಅಂದ್ರೆ ನಮ್ಮಲ್ಲಿ ದಿಕ್ಕಿಲ್ಲದವರಿಗೆ ಹೇಳುದಲ್ವಾ?" ಅಮ್ಮ ಪಿಸುಗುಟ್ಟಿದಳು.

"ಇಲ್ಲಿ ಹೊರದೇಶದಿಂದ ಬಂದವರು ಅಂತ ಅರ್ಥ."

ಪಕ್ಕದಲ್ಲಿ ಗೈಡ್ ಒಬ್ಬರು ಗುಂಪಿಗೆ ವಿವರಿಸುತ್ತಿದ್ದರು. ಇಲ್ಲಿ ಈ ಜನರನ್ನು ಯಾರೂ ಓಡಿಸಲಿಲ್ಲ. 1948ರಲ್ಲಿ ಇಸ್ರೇಲ್ ಹುಟ್ಟಿದ ನಂತರದ ವರ್ಷಗಳಲ್ಲಿ ಕುಟುಂಬ ಕುಟುಂಬವೇ ಅಲ್ಲಿಗೆ ಹೊರಟಿತು. ಈಗ ಕೊಚ್ಚಿಯಲ್ಲಿ ಉಳಿದವರು ಬೆರಳೆಣಿಕೆಯಷ್ಟು. ಅವರ ಪದ್ಧತಿಯಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಸೇರಬೇಕು. ಹೊರಗಿನಿಂದ ಬಂದ ಯಹೂದಿ ಪ್ರವಾಸಿಗರು ಸೇರಿಕೊಂಡರೆ ಮಾತ್ರ ಆ ಲೆಕ್ಕ ತುಂಬುತ್ತದೆ.

ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಗೋಡೆ ಬದಿಯ ಬೆಂಚಿನ ಮೇಲೆ ಕೂತು ನೆಲವನ್ನೇ ನೋಡುತ್ತಿದ್ದಳು. ಎಷ್ಟು ಚೊಕ್ಕ ಒರೆಸಿಟ್ಟಿದ್ದರು! ಒಂದು ಬಿಲ್ಲೆಯೂ ಒಡೆದಂತೆ ಕಾಣಲಿಲ್ಲ. ಅಪ್ಪನ ವರ್ಷಾಂತಿಕದ ದಿನ ಊಟಕ್ಕೆ ಜನ ಸಾಲದೆ ಅಮ್ಮ ನಾಲ್ಕು ಮನೆಗೆ ಫೋನ್ ಮಾಡಿದ್ದು ನನಗೆ ನೆನಪಾಯಿತು. ಅವಳಿಗೂ ಅದೇ ನೆನಪಾಗಿರಬೇಕು. ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ ಅನ್ನುವ ಎಷ್ಟೋ ಮಾತುಗಳಲ್ಲಿ ಅದೂ ಒಂದು.

ಸಂಜೆ ವಾಪಸ್ ಬೋಟಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು. ಪೀಠಿಕೆ ಹಾಕಲು ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಅವಳೇ ಶುರು ಮಾಡಿದಳು.

"ಹೋಮ್‌ಸ್ಟೇಯವರು ಮನೆ ಅಳತೆ ಮಾಡಿ ಹೋದ್ರು, ಹೋದ ತಿಂಗಳೇ. ನಿನ್ನಣ್ಣ ಕಳಿಸಿದ್ದು ಅಂದ್ರು."

ನನಗೆ ಮಾತೇ ಹೊರಡಲಿಲ್ಲ.

"ನಾನು ಇರುವಷ್ಟು ದಿನ ದೇವರ ಮುಂದೆ ದೀಪ ಹಚ್ತೇನೆ ಮಾರಾಯ್ತಿ. ಆಮೇಲೆ ನೀವು ಬೇಕಾದ್ರೆ ಟಿಕೆಟ್ ಇಟ್ಟು ತೋರಿಸಿ." ಸಿಟ್ಟಿನಲ್ಲಿ ಹೇಳಲಿಲ್ಲ. ನಗುತ್ತಲೇ ಹೇಳಿದಳು. ಬೈದಿದ್ದರೆ ಸುಲಭವಿತ್ತು.

ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಜೋರು ಜಗಳವೇ ಆಯಿತು. ಅವನು ಹೇಳುವುದರಲ್ಲೂ ತಪ್ಪಿಲ್ಲ. ಅಮ್ಮ ರಾತ್ರಿ ಬಿದ್ದರೆ ನೋಡುವವರು ಯಾರು, ಅಡಿಕೆ ಕೊಯ್ಯಲು ಜನ ಎಲ್ಲಿದ್ದಾರೆ? ಈ ಪ್ರಶ್ನೆಗಳಿಗೆ ನನ್ನಲ್ಲಿ ಇವತ್ತಿಗೂ ಪೂರ್ತಿ ಉತ್ತರ ಇಲ್ಲ. ಲೀಸ್ ಮಾತ್ರ ಬೇಡ ಅಂತ ಆಯಿತು. ರಾತ್ರಿ ಮಲಗಲು ಪಕ್ಕದ ಮನೆಯ ಅಕ್ಕ ಬರುತ್ತಾರೆ. ನಾನು ತಿಂಗಳಿಗೊಮ್ಮೆ ಲ್ಯಾಪ್‌ಟಾಪ್ ಕಟ್ಟಿಕೊಂಡು ಊರಿಗೆ ಹೋಗಿ ಒಂದು ವಾರ ಅಲ್ಲಿಂದಲೇ ಕೆಲಸ ಮಾಡುತ್ತೇನೆ. ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ.

ಕೊಚ್ಚಿಗೆ ನೀವೂ ಹೋಗಿ, ಖಂಡಿತ ಚೆನ್ನಾಗಿದೆ. ಸಾಧ್ಯವಾದರೆ ಅಮ್ಮನ ಜೊತೆ ಹೋಗಿ.

ಈ ದೀಪಾವಳಿಗೆ ಅಣ್ಣನ ಕುಟುಂಬವೂ ಊರಿಗೆ ಬಂದಿತ್ತು. ಬಲೀಂದ್ರನಿಗೆ ದೀಪ ಇಡುವ ಹೊತ್ತಿಗೆ ಸುಮ್ಮನೆ ತಲೆ ಎಣಿಸಿದೆ. ಏಳು ಜನ. ಅಮ್ಮ ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯವರನ್ನು ಕೂಗಿ ಕರೆದಳು. ಮೂವರು ಬಂದರು. ಹತ್ತಾಯಿತು.