ಮೇಲಿನಮನೆಯ ಫೋನು

ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಗೆ ಎಂಬತ್ತರ ದಶಕದ ಕೊನೆಯಲ್ಲಿ ಫೋನು ಬಂದಾಗ ಅದು ಬಂದದ್ದು ಮೇಲಿನಮನೆಗೆ ಮಾತ್ರ. ಹಾಗೆಂದು ಅದು ಅವರೊಬ್ಬರ ಫೋನಾಗಿ ಉಳಿಯಲಿಲ್ಲ. ಬೆಂಗಳೂರಿಗೆ ಓದಲು ಹೋದ ಹುಡುಗರು, ಮುಂಬೈಯ ಹೋಟೆಲುಗಳಲ್ಲಿ ದುಡಿಯುತ್ತಿದ್ದವರು, ಘಟ್ಟದ ಕೆಳಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಎಲ್ಲರ ಡೈರಿಯಲ್ಲೂ ಅದೇ ನಂಬರು, ಪಕ್ಕದಲ್ಲಿ ‘ಪಿ.ಪಿ.’ ಎಂಬ ಎರಡಕ್ಷರ, ಅಂದರೆ ಫೋನು ಬೇರೆ ಮನೆಯದು, ಬೇಕಾದವರನ್ನು ಕರೆಸಿಕೊಡಬೇಕು ಎಂದು. ಕೆಲಸದ ಅರ್ಜಿಯಲ್ಲಿ ಅದನ್ನೇ ಬರೆಯುತ್ತಿದ್ದೆವು. ಊರಿನ ಯಾರ ಮನೆಯ ಲಗ್ನಪತ್ರಿಕೆಯಾದರೂ ಕೆಳಗೆ ಅಚ್ಚಾಗುತ್ತಿದ್ದುದು ಅದೇ.

ಜಗಲಿಯ ಮೂಲೆಯಲ್ಲಿ ಎತ್ತರದ ಸ್ಟೂಲು, ಅದರ ಮೇಲೆ ಮನೆಯ ಮಗಳು ಕ್ರೋಷಾ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಕಪ್ಪು ಫೋನು. ಡಯಲಿನ ತೂತಿಗೆ ಪುಟ್ಟದೊಂದು ಬೀಗ. ಬೀಗ ಇದ್ದದ್ದು ಹೊರಗೆ ಹೋಗುವ ಕರೆಗೆ. ಬರುವ ಕರೆಗೆ ಯಾವ ತಡೆಯೂ ಇರಲಿಲ್ಲ. ಗಂಟೆ ಹೊಡೆದರೆ ಯಜಮಾನರೇ ಎತ್ತಿ, ಗದ್ದೆಯಾಚೆಗೂ ಕೇಳುವ ಹಾಗೆ ಕೂಗುತ್ತಿದ್ದರು. “ಹಲೋ, ಯಾರು? ಕೆಳಗಿನಮನೆ ಅಳಿಯಂದಿರಾ? ಸ್ವಲ್ಪ ಹೊತ್ತು ಬಿಟ್ಟು ಮಾಡಿ, ಹುಡುಗನ್ನ ಓಡಿಸ್ತೀನಿ.” ಓಡುವ ಹುಡುಗರು ನಾವು. ತೋಟ ಇಳಿದು, ಹಳ್ಳಕ್ಕೆ ಹಾಕಿದ ಅಡಿಕೆಮರದ ಸಂಕ ದಾಟಿ, ದಣಪೆಯಾಚೆಯಿಂದಲೇ “ಅತ್ತೇ, ಫೋನ್ ಬಂದಿದೆ” ಎಂದು ಕೂಗಿದರೆ ಕೆಳಗಿನಮನೆಯ ಅತ್ತೆ ಒಲೆಯ ಮೇಲಿನ ಪಾತ್ರೆ ಇಳಿಸಿ, ಸೆರಗಿಗೆ ಕೈ ಒರೆಸುತ್ತಾ ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದರು. ಫೋನು ಮತ್ತೆ ಹೊಡೆದುಕೊಳ್ಳುವವರೆಗೆ ಜಗಲಿಯಲ್ಲಿ ಕುಳಿತಿರಬೇಕು. ಆ ಹೊತ್ತಿಗೆ ಅವರಿಗೊಂದು ಲೋಟ ಮಜ್ಜಿಗೆ ಬರುತ್ತಿತ್ತು.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಆಮೇಲೆ ನಡೆಯುತ್ತಿದ್ದ ಒಂದು ಸಣ್ಣ ಸಂಗತಿ. ಅತ್ತೆ ರಿಸೀವರ್ ಕಿವಿಗಿಟ್ಟ ಕೂಡಲೇ ಮೇಲಿನಮನೆಯ ಅಮ್ಮ ಅಡಿಕೆ ಸುಲಿಯುತ್ತಿದ್ದವರು ಕತ್ತಿ ಮಡಚಿ ಎದ್ದು, “ಬನ್ರೋ ಹುಡುಗ್ರಾ ಒಳಗೆ, ಅವಲಕ್ಕಿ ಕೊಡ್ತೀನಿ” ಎಂದು ನಮ್ಮನ್ನೆಲ್ಲ ಅಡುಗೆಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಯಜಮಾನರು ಅಂಗಳಕ್ಕಿಳಿದು ದನಕ್ಕೆ ಹುಲ್ಲು ಹಾಕಲು ಹೋಗುತ್ತಿದ್ದರು. ಆಗ ಜಗಲಿಯಲ್ಲಿ ಅತ್ತೆ ಮತ್ತು ದೂರದ ಅವರ ಮಗಳು, ಇಬ್ಬರೇ. ಮಾತು ಮುಗಿದು ಅತ್ತೆಯ ಕಣ್ಣು ಒದ್ದೆಯಾಗಿದ್ದರೆ ಅಮ್ಮ ಏನಾಯಿತು ಎಂದು ಕೇಳುತ್ತಿರಲಿಲ್ಲ. ಅತ್ತೆಯೇ ಹೇಳಿದರೆ ಕೇಳಿಸಿಕೊಳ್ಳುತ್ತಿದ್ದರು. ಖಾಸಗಿತನ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಅದಕ್ಕೆ ಬೇಕಾದ ನಡವಳಿಕೆ ಮಾತ್ರ ಅಲ್ಲಿ ಧಾರಾಳವಾಗಿತ್ತು.

ಆ ಫೋನು ನಮ್ಮಂಥ ಮೂಲೆಗೆ ಬಂದದ್ದರ ಹಿಂದೆ ಕರ್ನಾಟಕದ್ದೇ ಒಂದು ಕಥೆಯಿದೆ. ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ, ಹಳ್ಳಿಗಳಿಗೆಂದೇ 128 ಪೋರ್ಟಿನ ಸಣ್ಣ ಎಕ್ಸ್‌ಚೇಂಜ್ ತಯಾರಿಸಿತು. ಹೊರದೇಶದ ಎಕ್ಸ್‌ಚೇಂಜುಗಳಿಗೆ ಏರ್‌ಕಂಡೀಷನ್ ಕೋಣೆ ಬೇಕಿತ್ತು. ಇದು ನಮ್ಮ ಸೆಕೆ, ಧೂಳನ್ನು ತಡೆದುಕೊಂಡು ಕೆಲಸ ಮಾಡುತ್ತಿತ್ತು. ಅದನ್ನು ಮೊದಲು ನೆಟ್ಟಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರನ್ನು ಪಾಠದಲ್ಲಿ ಓದಿದ್ದ ನಮಗೆ ಈ ಕಿತ್ತೂರಿನ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ಮೇಲಿನಮನೆಯ ಫೋನನ್ನು ಇನ್ನಷ್ಟು ಹೆಮ್ಮೆಯಿಂದ ನೋಡುತ್ತಿದ್ದೆವು.

ಫೋನಿಗಿಂತ ಮೊದಲಿನಿಂದಲೂ ಇದ್ದವನು ಪೋಸ್ಟಣ್ಣ. ಖಾಕಿ ಚೀಲ, ಉದ್ದ ಕಡ್ಡಿಯ ಕೊಡೆ. ಬರೀ ಕಾಗದ ಕೊಟ್ಟು ಹೋಗುವವನಲ್ಲ. ಓದಲು ಬಾರದ ಮನೆಗಳಲ್ಲಿ ಅವನೇ ಓದಿ ಹೇಳಬೇಕು, ಉತ್ತರವನ್ನೂ ಅವನೇ ಬರೆಯಬೇಕು. “ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು, ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ” ಎಂಬ ಮೊದಲ ಸಾಲು ಊರಿಗೆಲ್ಲ ಬಾಯಿಪಾಠ. ನಿಜವಾದ ಸುದ್ದಿ ಶುರುವಾಗುತ್ತಿದ್ದುದು ಅದರ ನಂತರ, ಇನ್‌ಲ್ಯಾಂಡ್ ಲೆಟರಿನ ಮಡಚುವ ಪಟ್ಟಿಯ ಮೇಲೂ ಅಕ್ಷರ ಏರಿಸಿ. ಮನಿಯಾರ್ಡರ್ ಫಾರಂನ ಕೆಳಗಿನ ತುಂಡಿನಲ್ಲಿ ನಾಲ್ಕು ಸಾಲಿಗೆ ಜಾಗ ಇರುತ್ತಿತ್ತು. ಆ ನಾಲ್ಕು ಸಾಲನ್ನು ಹಣಕ್ಕಿಂತ ಜೋಪಾನವಾಗಿ ಇಟ್ಟುಕೊಂಡ ತಾಯಂದಿರಿದ್ದರು. ಯಾರ ಮಗ ದುಡ್ಡು ಕಳಿಸುವುದನ್ನು ನಿಲ್ಲಿಸಿದ್ದಾನೆ, ಯಾರ ಮಗಳ ಕಾಗದದಲ್ಲಿ ಅಳು ಇದೆ, ಎಲ್ಲವೂ ಪೋಸ್ಟಣ್ಣನಿಗೆ ಗೊತ್ತಿತ್ತು. ಒಂದು ಮನೆಯ ಮಾತನ್ನು ಅವನು ಇನ್ನೊಂದು ಮನೆಯಲ್ಲಿ ಆಡಿದ್ದನ್ನು ನಾನು ಕೇಳಿಲ್ಲ.

ಓದಿದ ಕಾಗದಗಳಿಗೆ ಮನೆಯಲ್ಲಿ ಒಂದು ಜಾಗ ಇತ್ತು: ತೊಲೆಯಿಂದ ಇಳಿಬಿಟ್ಟ ಕೊಕ್ಕೆಯ ತಂತಿ. ಬಂದ ಕಾಗದವೆಲ್ಲ ಅದಕ್ಕೆ ಚುಚ್ಚಿಕೊಂಡು ವರ್ಷಗಟ್ಟಲೆ ನೇತಾಡುತ್ತಿತ್ತು. ಮನೆಯವರು ಯಾರು ಬೇಕಾದರೂ ತೆಗೆದು ಓದಬಹುದು. ಸಾವಿನ ಸುದ್ದಿಯ ಕಾರ್ಡನ್ನು ಮಾತ್ರ ಓದಿದ ತಕ್ಷಣ ಹರಿದು ಹಾಕುತ್ತಿದ್ದರು, ಒಳಗೆ ತರುತ್ತಿರಲಿಲ್ಲ.

ಅದೆಲ್ಲವೂ ಚಿನ್ನದಂಥ ಕಾಲ ಎಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ತಂತಿಗೆ ಚುಚ್ಚಿದ ಕಾಗದ ಸೊಸೆಗೆ ಬಂದದ್ದಾದರೂ ಮೊದಲು ಒಡೆಯುತ್ತಿದ್ದವರು ಮಾವನವರು. ಹೆಣ್ಣುಮಕ್ಕಳು ತವರಿಗೆ ಕಷ್ಟ ಬರೆಯಬೇಕಾದರೆ ಕದ್ದು ಬರೆದು, ಶಾಲೆಗೆ ಹೋಗುವ ನಮ್ಮಂಥ ಹುಡುಗರ ಕೈಯಲ್ಲಿ ಡಬ್ಬಿಗೆ ಹಾಕಿಸುತ್ತಿದ್ದರು. ಎಲ್ಲ ಪಿ.ಪಿ. ನಂಬರಿನ ಮನೆಗಳೂ ಮೇಲಿನಮನೆಯ ಹಾಗೆ ಇರಲಿಲ್ಲ. ಕಿವಿ ನಿಮಿರಿಸಿ ಕೂರುವವರೂ ಇದ್ದರು. ಟೆಲಿಗ್ರಾಂ ಬಂತೆಂದರೆ ಒಡೆಯುವ ಮೊದಲೇ ಅಳು ಶುರುವಾಗುತ್ತಿತ್ತು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಾಗ ಪೇಟೆಯ ಎಷ್ಟೋ ಜನ ನೆನಪಿಗೆಂದು ಸಾಲಿನಲ್ಲಿ ನಿಂತು ಕೊನೆಯ ಟೆಲಿಗ್ರಾಂ ಕಳಿಸಿದರು. ನನ್ನ ಅಜ್ಜಿ ಬದುಕಿದ್ದಿದ್ದರೆ, ಅದು ನಿಂತದ್ದೇ ಒಳ್ಳೆಯದಾಯಿತು ಎನ್ನುತ್ತಿದ್ದರು.

ಕಲಿಕೆಯ ನೆನಪು ಬೇರೆ ಬಗೆಯದು. ನಮ್ಮ ಹೈಸ್ಕೂಲಿನಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇತ್ತು. ನಿರಂಜನರು ಸಂಪಾದಿಸಿದ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟ, ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದ ಹಳೆಯ ಸಂಚಿಕೆಗಳು. ಬೀಗದ ಕೈ ವಿಜ್ಞಾನದ ಮೇಷ್ಟ್ರ ಬಳಿ. 1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅದರ ಬಾಲ ಯಾಕೆ ಯಾವಾಗಲೂ ಸೂರ್ಯನಿಗೆ ವಿರುದ್ಧ ದಿಕ್ಕಿಗೇ ಇರುತ್ತದೆ ಎಂದು ಒಬ್ಬ ಕೇಳಿದ. ಮೇಷ್ಟ್ರು ಗೊತ್ತಿಲ್ಲ ಎಂದರು. ಶಿವಮೊಗ್ಗಕ್ಕೆ ಹೋದವರು ಅಲ್ಲಿನ ಲೈಬ್ರರಿಯಲ್ಲಿ ಓದಿಕೊಂಡು ಬಂದು, ಸೂರ್ಯನಿಂದ ಹೊಮ್ಮುವ ಕಣಗಳೂ ಬೆಳಕೂ ಬಾಲವನ್ನು ಆಚೆಗೆ ತಳ್ಳುವುದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರು. ಇಡೀ ಕ್ಲಾಸು ಆ ಉತ್ತರಕ್ಕಾಗಿ ಕಾದಿತ್ತು. ಅದನ್ನು ನಮ್ಮಲ್ಲಿ ಯಾರೂ ಮರೆತಿಲ್ಲ.

ಬೀರುವಿನ ಪುಸ್ತಕಗಳ ಕೊನೆಯ ರಟ್ಟಿಗೆ ಒಂದು ಚೀಟಿ ಅಂಟಿಸಿರುತ್ತಿದ್ದರು. ಯಾರು ಯಾವತ್ತು ಒಯ್ದರು ಎಂದು ಅದರಲ್ಲಿ ಸಾಲಾಗಿ ಬರೆದಿರುತ್ತಿತ್ತು. ನಾನು ತಂದ ಪುಸ್ತಕವನ್ನು ನನಗಿಂತ ಮೊದಲು ನಮ್ಮ ಸೀನಿಯರ್ ಒಬ್ಬ ಓದಿದ್ದಾನೆ ಎಂದು ತಿಳಿದರೆ, ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿದು ಮಾತಾಡಿಸಲು ಒಂದು ನೆಪ ಸಿಗುತ್ತಿತ್ತು. ನಾವು ಏನು ಓದುತ್ತೇವೆ ಎಂಬುದು ಆಗಲೂ ಗುಟ್ಟಾಗಿರಲಿಲ್ಲ. ಅದನ್ನು ತಿಳಿದವರು ನಮಗೂ ತಿಳಿದವರಾಗಿದ್ದರು, ಅಷ್ಟೆ. ಕ್ಲಾಸಿನಲ್ಲಿ ಕೇಳಿದ ಪೆದ್ದು ಪ್ರಶ್ನೆಗಳು ಆ ಕೋಣೆಯಲ್ಲೇ ಉಳಿದವು, ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಇವತ್ತು ಅಂಥದೇ ಪ್ರಶ್ನೆಗಳನ್ನು ನನ್ನ ತಂಗಿಯ ಮಗ ಮೊಬೈಲಿಗೆ ಕನ್ನಡದಲ್ಲೇ ಕೇಳುತ್ತಾನೆ, ಕ್ಷಣದಲ್ಲಿ ಉತ್ತರ ಪಡೆಯುತ್ತಾನೆ, ಚಿತ್ರವನ್ನೂ ನೋಡುತ್ತಾನೆ. ನನಗೆ ಅದರಿಂದ ತುಂಬ ಸಂತೋಷ. ಆದರೆ ಅವನು ಕೇಳಿದ ಪ್ರಶ್ನೆಗಳ ಚೀಟಿ ಈಗ ಯಾವುದೋ ದೇಶದ ಯಾವುದೋ ಕಟ್ಟಡದಲ್ಲಿದೆ. ಅದನ್ನು ಓದುವವರು ಅವನನ್ನು ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಿಸುವವರಲ್ಲ. ಅವನ ಮುಂದೆ ಯಾವ ಜಾಹೀರಾತು ಹಿಡಿಯಬೇಕೆಂದು ಲೆಕ್ಕ ಹಾಕುವವರು.

ತೊಂಬತ್ತರ ದಶಕದ ಹಳದಿ ಬೋರ್ಡಿನ ಎಸ್‌ಟಿಡಿ ಬೂತು, ಅದರ ಗಾಜಿನ ಬಾಗಿಲು, ಓಡುವ ಕೆಂಪು ಅಂಕಿಗಳು, ರಾತ್ರಿಯ ಕಡಿಮೆ ದರಕ್ಕೆ ಕಾಯುವ ಸಾಲು, ಇವು ಬಂದಷ್ಟೇ ಬೇಗ ಹೋದವು. ಒಳಬರುವ ಕರೆಗೂ ದುಡ್ಡು ಕೊಡಬೇಕಿದ್ದ ಕಾಲ 2003ರಲ್ಲಿ ಮುಗಿದ ಮೇಲೆ ಮೊಬೈಲು ಊರೂರಿಗೆ ಬಂತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ವಾಟ್ಸಾಪ್ ಮನೆಮನೆಗೆ ಹೊಕ್ಕಿತು. ಕೆಳಗಿನಮನೆಯ ಅತ್ತೆಗೆ ಅಕ್ಷರ ಬಾರದು. ಜೀವಮಾನವಿಡೀ ತಮ್ಮ ಮಾತನ್ನು ಬೇರೆಯವರ ಕೈಯಲ್ಲಿ ಬರೆಸಿದವರು ಈಗ ಆ ಮೈಕಿನ ಗುರುತನ್ನು ಒತ್ತಿ ಹಿಡಿದು, ಅಮೆರಿಕದ ಮೊಮ್ಮಗಳಿಗೆ ನಮ್ಮ ಕಡೆಯ ಮಾತಿನಲ್ಲೇ ಮಾವಿನ ಅಪ್ಪೆಹುಳಿ ಮಾಡುವ ಕ್ರಮ ಹೇಳುತ್ತಾರೆ. ನಡುವೆ ಪೋಸ್ಟಣ್ಣನೂ ಇಲ್ಲ, ಮಾವನವರೂ ಇಲ್ಲ. ಹೆಣ್ಣುಮಕ್ಕಳಿಗೆ ತಮ್ಮದೇ ಎನ್ನುವ ಮಾತಿನ ಜಾಗ ಮೊದಲ ಬಾರಿಗೆ ಸಿಕ್ಕಿದ್ದು ಮೊಬೈಲಿನಿಂದ. ಹಳೆಯ ಕಾಲವನ್ನು ಹೊಗಳುವಾಗ ಇದನ್ನು ಮರೆಯುವುದು ಅನ್ಯಾಯ.

ಆದರೂ ಒಂದು ಘಟನೆ ನನ್ನನ್ನು ಇನ್ನೂ ಕಾಡುತ್ತದೆ. ಬಂಧುಗಳೊಬ್ಬರು ಆಸ್ಪತ್ರೆ ಸೇರಿದ್ದರು. ನೋಡಲು ಹೋದ ಯಾರೋ ಮೂಗಿಗೆ ನಳಿಗೆ ಹಾಕಿ ಮಲಗಿಸಿದ್ದ ಅವರ ಫೋಟೊ ತೆಗೆದು, ಕೈಮುಗಿದ ಗುರುತಿನ ಸಮೇತ ಕುಟುಂಬದ ಗ್ರೂಪಿಗೆ ಹಾಕಿದರು. ದೂರದೂರಿನಲ್ಲಿದ್ದ ಮಗಳಿಗೆ ಅಪ್ಪನ ಸ್ಥಿತಿ ತಿಳಿದದ್ದು ಆ ಫೋಟೊದಿಂದ, ಕಚೇರಿಯಲ್ಲಿ ಎಲ್ಲರ ನಡುವೆ ಕುಳಿತಿದ್ದಾಗ. ಸಂಜೆಯೊಳಗೆ ಚಿತ್ರ ಇನ್ನೆಷ್ಟೋ ಗ್ರೂಪು ಸುತ್ತಿತು. ಹಾಕಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ನನಗೆ ಆಗ ನೆನಪಾದದ್ದು ಮೇಲಿನಮನೆಯ ಯಜಮಾನರು. ಕೆಟ್ಟ ಸುದ್ದಿ ಬಂದರೆ ಅವರು ನಮ್ಮನ್ನು ಓಡಿಸುತ್ತಿರಲಿಲ್ಲ. ತಾವೇ ಶಾಲು ಹೊದ್ದು ಸಂಕ ದಾಟಿ ಹೋಗಿ, ಆ ಮನೆಯ ಜಗಲಿಯಲ್ಲಿ ಕುಳಿತು, ಕೊಟ್ಟ ನೀರು ಕುಡಿದು, ಹಿರಿಯರೊಬ್ಬರನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದರು.

ಕಲಿಕೆಯ ಮಾತಿಗೆ ಮತ್ತೆ ಬಂದರೆ, 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠ ಬಂತು, ಸರ್ಕಾರದ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರು ದೇವಸ್ಥಾನದ ಅಂಗಳಕ್ಕೆ, ಮರದಡಿಗೆ ಬಂದು ಕಲಿಸಿದರು. ಮೊಬೈಲ್ ಪಾಠಕ್ಕೆ ನೆಟ್‌ವರ್ಕ್ ಹುಡುಕಿ ಮಲೆನಾಡಿನ, ಕರಾವಳಿಯ ಮಕ್ಕಳು ಗುಡ್ಡ ಹತ್ತಿದರು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ರಸ್ತೆಬದಿಯಲ್ಲಿ ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೆಲ್ಲ ನೋಡಿತು. ಆ ಒಂದು ಚಿತ್ರದಲ್ಲಿ ನಮ್ಮ ಕಾಲದ ಅಪ್ಪಂದಿರೂ ಈ ಕಾಲದ ಮಕ್ಕಳೂ ಒಟ್ಟಿಗೆ ಕಂಡರು. ಕಲಿಯುವ ಹಸಿವು ಕಡಿಮೆಯಾಗಿದೆ ಎನ್ನುವವರು ಅದನ್ನೊಮ್ಮೆ ನೆನೆಯಬೇಕು.

ಇನ್ನು ಆ ಆಸ್ಪತ್ರೆಯ ಫೋಟೊ ಎತ್ತಿದ ಖಾಸಗಿತನದ ಮಾತು. ಅದು ನಮ್ಮ ಹಕ್ಕು ಎಂದು ಸುಪ್ರೀಂ ಕೋರ್ಟಿನ ಬಾಯಿಂದ ಹೇಳಿಸಿದ್ದೂ ಕರ್ನಾಟಕದ ಒಬ್ಬ ಹಿರಿಯರೇ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಅವರ ಹೆಸರು ಇರಬೇಕು ಎಂಬುದು ನನ್ನ ಆಸೆ.

2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿ ರಕ್ಷಣೆಗೆ ಒಂದು ಕಾಯ್ದೆಯನ್ನೂ ಮಾಡಿತು. ಹದಿನೆಂಟರೊಳಗಿನ ಮಕ್ಕಳ ಮಾಹಿತಿ ಬಳಸಲು ಕಂಪನಿಗಳು ತಂದೆತಾಯಿಯ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ ಅದು. ವಾಟ್ಸಾಪಿನಲ್ಲಿ ನಮ್ಮ ಸಂದೇಶಕ್ಕೆ 2016ರಿಂದ ಗೂಢಲಿಪಿಯ ಬೀಗವಿದೆ. ಆದರೆ ಲಕೋಟೆಯ ಮೇಲಿನ ವಿಳಾಸದ ಹಾಗೆ, ಯಾರು ಯಾರಿಗೆ ಯಾವಾಗ ಕಳಿಸಿದರು ಎಂಬುದು ಕಂಪನಿಗೆ ಕಾಣುತ್ತದೆ. ಇಂಥ ಕಂಪನಿಗಳ ಮೇಲೆ ಕಣ್ಣಿಡಲು ಕೋರ್ಟು, ಸರ್ಕಾರ, ಪತ್ರಿಕೆಗಳು ಇರಬೇಕು. ಮನೆಯವರು ಮನೆಯ ಮಟ್ಟಿಗೆ ಹಂಚಿಕೊಳ್ಳುವುದು ಮಾತ್ರ ಆ ಕಾಯ್ದೆಯ ಆಚೆಗಿದೆ. ಆಸ್ಪತ್ರೆಯ ಫೋಟೊವನ್ನು ತಡೆಯಲು ಯಾವ ಕಾನೂನೂ ಬರುವುದಿಲ್ಲ. ಮೇಲಿನಮನೆಯ ಅಮ್ಮ ಎದ್ದು ಒಳಗೆ ಹೋಗುತ್ತಿದ್ದದ್ದೂ ಯಾವ ಕಾನೂನಿಗೆ ಹೆದರಿ ಅಲ್ಲ.

ಹಾಗಾಗಿ ನನ್ನ ಕೋರಿಕೆ ಆ ಕಾಲವನ್ನು ಕಂಡ ನನ್ನ ವಯಸ್ಸಿನವರಿಗೇ. ಕುಟುಂಬದ ಗ್ರೂಪುಗಳಲ್ಲಿ ಈಗ ಹಿರಿಯರು ನಾವೇ. ಕಾಯಿಲೆಯವರ ಫೋಟೊ ತೆಗೆಯಬೇಡಿ. ಸುದ್ದಿ ಹೇಳಲೇಬೇಕಾದರೆ ಅವರ ಮನೆಯವರಿಗೆ ಮೊದಲು ಫೋನು ಮಾಡಿ. ಮಕ್ಕಳ ಫೋಟೊ, ಮಾರ್ಕ್ಸ್‌ಕಾರ್ಡು ಹಾಕುವ ಮುಂಚೆ ಮಕ್ಕಳನ್ನೇ ಒಂದು ಮಾತು ಕೇಳಿ. ಬೇಡ ಎಂದರೆ ಹಾಕಬೇಡಿ.